ಲಿಂಗಸಾಮಿಗೆ ಬದಲಿ

ಹರಿಹರನ್ ಬಂದದ್ದು ಬೆಳಗಿನ ಹನ್ನೊಂದು ಗಂಟೆಗೆ, ಪಕ್ಕದ ಶೆಡ್ಡಿನ ಹನ್ನೆರಡು ಪವರ್‌ಲೂಮುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ಹೊತ್ತಿಗೆ. ಕರುಮತ್ತಂಪಟ್ಟಿಯಲ್ಲಿ ಯಾರ ಮನೆಗಾದರೂ ಹೋಗಿ ಮುಖ್ಯವಾದ ಮಾತಾಡಬೇಕಿದ್ದರೆ ಕರೆಂಟು ಹೋಗುವ ತನಕ ಕಾಯಬೇಕು. ಇದು ಆ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು, ಪೀಳಮೇಡಿನ ಎಸಿ ಆಫೀಸಿನಿಂದ ಬಂದ ಹರಿಹರನ್‌ಗೆ ಗೊತ್ತಿರಲಿಲ್ಲ. ಪಾಪ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಮಿಳಿನಲ್ಲಿ ಕೂಗಿ ಕೂಗಿ ಕೇಳಿದ.

ಅವನು ಕೇಳಲು ಬಂದ ವಿಷಯ ಹೀಗಿತ್ತು. ಪೀಳಮೇಡಿನ ಹಳೆಯ ಮಿಲ್ ಗ್ರೌಂಡನ್ನು ಕೆಡವಿ ದೊಡ್ಡ ಫುಟ್‌ಬಾಲ್ ಸ್ಟೇಡಿಯಂ ಕಟ್ಟಿದ್ದಾರೆ. ಅದರ ಹೆಬ್ಬಾಗಿಲಿನ ಬಳಿ ಒಂದು ಚರಿತ್ರೆಯ ಗೋಡೆ ಮಾಡುತ್ತಿದ್ದಾರೆ. ಮೈದಾನ ಯಾವಾಗ ಆಯಿತು, ಯಾರು ಕಟ್ಟಿಸಿದರು, ಯಾವ ಯಾವ ಆಟ ನಡೆಯಿತು, ಎಲ್ಲವೂ ಉಕ್ಕಿನ ತಗಡಿನಲ್ಲಿ ಕೊರೆದು ನಿಲ್ಲುತ್ತದೆ. ಎಂಬತ್ತನಾಲ್ಕನೇ ಇಸವಿಯ ಮಿಲ್ ಕಪ್ ಫೈನಲ್ ಗೆದ್ದ ತಂಡದ ಹೆಸರುಗಳನ್ನು ಹುಡುಕುವುದು ಹರಿಹರನ್ ಕೆಲಸ. ಮಿಲ್ಲಿನ ಹಳೆಯ ಕ್ಲರ್ಕ್ ಒಬ್ಬರು, ‘ಭೂಪತಿ ಮನೆಯಲ್ಲೂ ಒಂದು ಮಾತು ಕೇಳು’ ಎಂದು ಈ ವಿಳಾಸ ಕೊಟ್ಟಿದ್ದರು.

“ನಿಮ್ಮ ಯಜಮಾನರು ಆ ತಂಡದಲ್ಲಿದ್ದರಾ, ಅಮ್ಮಾ?”

ಭೂಪತಿಯ ಹೆಂಡತಿ ರಾಜಾಮಣಿ ಕೈಯಲ್ಲಿದ್ದ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. ಗಂಡ ಸತ್ತು ಹದಿನಾಲ್ಕು ವರ್ಷವಾಗಿತ್ತು. ಈ ಪ್ರಶ್ನೆಯನ್ನು ಗೌರವದಿಂದ ಯಾರಾದರೂ ಕೇಳುತ್ತಾರೆಂಬ ಆಸೆಯನ್ನು ಅವಳು ಅದಕ್ಕೂ ಎಷ್ಟೋ ಮೊದಲೇ ಬಿಟ್ಟಿದ್ದಳು. ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಆದರೆ ಮಿಲ್ಲಿನ ಜನಕ್ಕೆ ಅಷ್ಟನ್ನೂ ಹೇಳಲು ಒಂದೇ ಒಂದು ಪದ ಸಾಕು. ಅದನ್ನೇ ಹೇಳಿದಳು.

“ಲಿಂಗಸಾಮಿಗೆ ಬದಲಿ ಇವರೇ ತಾನೆ, ತಂಬಿ! ಗೋಲ್‌ಕೀಪರ್.”

“ಬದಲಿ?”

“ಹೂಂ, ಬದಲಿ. ಲಿಂಗಸಾಮಿಗೆ.”

ಹರಿಹರನ್ ತಲೆಯಾಡಿಸಿ ಟಕಟಕ ಬರೆದುಕೊಂಡ. ಗಂಡನ ಹೆಸರಿನ ಇಂಗ್ಲಿಷ್ ಅಕ್ಷರಗಳು ಸರಿಯಿವೆಯೇ ಎಂದು ಅವಳ ಆಧಾರ್ ಕಾರ್ಡ್ ನೋಡಿದ. ಕೊಟ್ಟ ಮಜ್ಜಿಗೆ ಕುಡಿದು ಕೈಮುಗಿದು ಹೊರಟ. ಅವನು ಓಣಿ ದಾಟುವ ತನಕ ರಾಜಾಮಣಿ ಬಾಗಿಲಲ್ಲೇ ನಿಂತಿದ್ದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಹುಟ್ಟುವ ಹೊತ್ತಿಗೆ ಮಿಲ್ಲುಗಳ ಸಂಗು, ಅಂದರೆ ಪಾಳಿಯ ಸೈರನ್, ಊದುವುದೇ ನಿಂತಿತ್ತು. ಬದಲಿ ಎಂದರೆ ಏನೆಂದು ಅವನಿಗೆ ಯಾರು ಹೇಳಬೇಕು? ಮಿಲ್ಲಿನಲ್ಲಿ ಪರ್ಮನೆಂಟ್ ಕೆಲಸಗಾರನಿಗೊಂದು ಟೋಕನ್ ಇರುತ್ತಿತ್ತು. ಅವನು ಬಾರದ ದಿನ ಗೇಟಿನ ಮುಂದೆ ಕಾದು ನಿಂತವನೊಬ್ಬ ಅದೇ ಟೋಕನ್ ಹಿಡಿದು ಒಳಗೆ ಹೋಗಿ ಎಂಟು ಗಂಟೆ ದುಡಿಯುತ್ತಿದ್ದ. ಮೈ ಇವನದು, ಬೆವರು ಇವನದು, ಹಾಜರಿ ಅವನ ಹೆಸರಿನದು. ಅಂಥವನೇ ಬದಲಿ. ಭೂಪತಿ ಹನ್ನೆರಡು ವರ್ಷ ಬದಲಿಯಾಗಿದ್ದ. ಲಿಂಗಸಾಮಿ ರಜೆ ಹಾಕಿದ ದಿನವೆಲ್ಲ ಸ್ಪಿನ್ನಿಂಗ್ ಖಾತೆಯಲ್ಲಿ ಲಿಂಗಸಾಮಿ ಎಂದು ಕೂಗಿದರೆ ‘ಇದ್ದೀನಿ’ ಎನ್ನುತ್ತಿದ್ದವನು ಭೂಪತಿ. ಇಬ್ಬರೂ ಹೊರಗೆ ತಮಿಳು, ಮನೆಯಲ್ಲಿ ಕನ್ನಡ ಆಡುವವರು, ಭೂಪತಿ ನೇಯ್ಗೆಯವರ ಪೈಕಿ, ಲಿಂಗಸಾಮಿ ಬೇಸಾಯದವರ ಪೈಕಿ. ಮಿಲ್ಲಿನ ಸಾಲು ಮನೆಗಳಲ್ಲಿ ಅಕ್ಕಪಕ್ಕ ಇದ್ದರು. ಇಬ್ಬರದೂ ಒಂದೇ ಎತ್ತರ, ಒಂದೇ ಅಗಲ.

ಲಿಂಗಸಾಮಿ ಮಿಲ್ಲಿನ ತಂಡದ ಗೋಲ್‌ಕೀಪರ್. ಭೂಪತಿ ಸಂಜೆ ಹೊತ್ತು ಅವನ ಜೊತೆ ಚೆಂಡು ಹಿಡಿದು ಹಿಡಿದು ಅವನಿಗಿಂತ ಒಂದು ಕೈ ಮೇಲಾಗಿದ್ದ. ಆದರೆ ಮಿಲ್ ಕಪ್ಪಿನಲ್ಲಿ ಪರ್ಮನೆಂಟ್ ಆದವರು ಮಾತ್ರ ಆಡಬಹುದೆಂಬ ಕಾನೂನಿತ್ತು. ಫೈನಲ್ಲಿಗೆ ಮೂರು ದಿನ ಮೊದಲು ಲಿಂಗಸಾಮಿ ಮೊಣಕಾಲು ತಿರುಚಿಕೊಂಡ. ಮಿಲ್ಲಿನ ದೊಡ್ಡವರೊಬ್ಬರು ಯೋಚಿಸಿ, ಸ್ಪಿನ್ನಿಂಗ್ ಖಾತೆಯಲ್ಲಿ ದಿನಾ ನಡೆಯುವುದು ಮೈದಾನದಲ್ಲಿ ಒಂದು ದಿನ ನಡೆದರೆ ಏನು ಮುಳುಗಿಹೋಗುತ್ತದೆ ಎಂದರು. ಆಟಕ್ಕೆ ಮುಂಚೆ ಫೋಟೋ ತೆಗೆಯುವಾಗ ಲಿಂಗಸಾಮಿ ಹೇಗೋ ಹಲ್ಲು ಕಚ್ಚಿ ನೆಟ್ಟಗೆ ನಿಂತ. ಆಮೇಲೆ ಗ್ಯಾಲರಿಯ ಹಿಂದೆ ಆಟದ ಬನಿಯನ್ ಬಿಚ್ಚಿ ಭೂಪತಿಗೆ ಕೊಟ್ಟ. ಭೂಪತಿ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಮೈದಾನಕ್ಕಿಳಿದ. ರೆಫರಿ ಮದ್ರಾಸಿನವನು, ಅವನಿಗೆ ಯಾರ ಮುಖವೂ ಗೊತ್ತಿಲ್ಲ. ಗೊತ್ತಿದ್ದ ಹತ್ತು ಜನ ಆಟಗಾರರು ಬಾಯಿ ಬಿಡುವವರಲ್ಲ.

ಒಂದು ಗೋಲಿನಿಂದ ಮುಂದಿದ್ದಾಗ, ಆಟ ಮುಗಿಯಲು ಇನ್ನೇನು ಎರಡು ನಿಮಿಷವಿರುವಾಗ, ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಭೂಪತಿ ಅದನ್ನು ತಡೆದ. ತಡೆಯುವಾಗ ಎಡಗೈಯ ಉಂಗುರದ ಬೆರಳು ಮುರಿಯಿತು.

ಆಗ ರಾಜಾಮಣಿ ಮದುವೆಯಾಗಿ ಮೂರು ತಿಂಗಳಾಗಿದ್ದ ಹುಡುಗಿ. ಹೆಂಗಸರು ಮಿಲ್ ಗ್ರೌಂಡಿಗೆ ಹೋಗುವ ಪದ್ಧತಿ ಇರಲಿಲ್ಲ. ಸಾಲು ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗೋಡೆಯಾಚೆಯಿಂದ ಒಮ್ಮೆ ಎದ್ದ ಕೂಗಿಗೆ ಕೈಯಲ್ಲಿದ್ದ ಚೊಂಬು ಜಾರಿ ಬಿತ್ತು. ಗೆದ್ದ ಕೂಗೋ ಸೋತ ಕೂಗೋ ತಿಳಿಯದೆ ಅಲ್ಲೇ ನಿಂತಳು. ಒಂದು ಗಂಟೆಯ ಮೇಲೆ ಭೂಪತಿ ನಗುತ್ತಾ ಬಂದ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು. ಆ ಕೈಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದವಳು ಅವಳೇ. ಆಸ್ಪತ್ರೆಗೆ ಹೋದರೆ ಹೇಗಾಯಿತು ಎಂದು ಕೇಳುತ್ತಾರೆಂದು ಹೋಗಲಿಲ್ಲ. ಬೆರಳು ಸೊಟ್ಟಗೇ ಕೂಡಿಕೊಂಡಿತು.

‘ಗೆದ್ದರೆ ನಿನ್ನನ್ನೂ ಪರ್ಮನೆಂಟ್ ಮಾಡ್ತೀವಿ’ ಎಂದಿದ್ದರು. ಗೆದ್ದದ್ದು ಲಿಂಗಸಾಮಿಯ ಹೆಸರಿನಲ್ಲಿ. ಲಿಂಗಸಾಮಿ ಮೇಸ್ತ್ರಿಯಾದ. ಭೂಪತಿ ಬೆಳಗಾಗೆದ್ದು ಗೇಟಿನ ಮುಂದೆ ನಿಲ್ಲುವುದನ್ನು ಮುಂದುವರಿಸಿದ. ಮೂರು ವರ್ಷ ನಿಂತು ಸಾಕಾಗಿ ಕರುಮತ್ತಂಪಟ್ಟಿಗೆ ವಾಪಸು ಬಂದು ಪವರ್‌ಲೂಮ್ ಶೆಡ್ಡಿಗೆ ಸೇರಿದ.

ಶೆಡ್ಡಿನಲ್ಲಿ ಒಂದು ಬೀಮಿನ ಉರುಳೆಯಲ್ಲಿ ಸುತ್ತಿದ ನೂಲು ಮುಗಿದಾಗ ಹೊಸ ಬೀಮಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಗಂಟು ಹಾಕಬೇಕು. ಸಾವಿರಾರು ಎಳೆ. ತುದಿಯನ್ನು ಅಂಗೈಗೆ ಒತ್ತಿ ಹಿಡಿಯಬೇಕಾದ ಬೆರಳೇ ಭೂಪತಿಗೆ ಬಗ್ಗುತ್ತಿರಲಿಲ್ಲ. ಹಾಗಾಗಿ ಅವನ ಮಗ್ಗಗಳ ಗಂಟುಗಳನ್ನೆಲ್ಲ ಹಾಕಿದವಳು ರಾಜಾಮಣಿ. ಅವನು ಪಕ್ಕದಲ್ಲಿ ಕೂತು ಎಳೆ ಬಿಡಿಸಿ ಕೊಡುತ್ತಿದ್ದ, ಅವಳು ಕಟ್ಟುತ್ತಿದ್ದಳು. ಕೂತಲ್ಲಿ ಕೂತು ಬೇಸರವಾದಾಗ ಅವನು ಆ ದಿನದ ಆಟದ ಮಾತು ತೆಗೆಯುತ್ತಿದ್ದ. “ಅವ ಚೆಂಡಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಹೋದ ನೋಡು, ನಾನು ಅವನ ಕಣ್ಣೇ ನೋಡ್ತಾ ಇದ್ದೆ…” ಅಷ್ಟು ಹೊತ್ತಿಗೆ ರಾಜಾಮಣಿಗೆ ಎಣಿಕೆ ತಪ್ಪುತ್ತಿತ್ತು. “ಸುಮ್ನೆ ಎಳೆ ಕೊಡುಂಗೊ” ಎಂದು ಗದರುತ್ತಿದ್ದಳು. ಅವನು ನಕ್ಕು ಎಳೆ ಕೊಡುತ್ತಿದ್ದ.

ತೊಂಬತ್ತೆಂಟರಲ್ಲಿ ಕರುಮತ್ತಂಪಟ್ಟಿಯ ಹುಡುಗರು ಒಂದು ಫುಟ್‌ಬಾಲ್ ಪಂದ್ಯ ಇಟ್ಟುಕೊಂಡು, ಎಂಬತ್ತನಾಲ್ಕರ ವೀರನೆಂದು ಲಿಂಗಸಾಮಿಯನ್ನು ಕರೆಸಿ ಶಾಲು ಹೊದಿಸಿದರು. ಭೂಪತಿ ಜನರ ನಡುವೆ ನಿಂತು ನೋಡುತ್ತಿದ್ದ. ಹದಿನಾಲ್ಕು ವರ್ಷ ಕಟ್ಟಿಟ್ಟ ಮಾತು ಆ ಹೊತ್ತಿಗೆ ಬಾಯಿ ಮೀರಿ ಬಂತು. “ಆ ಚೆಂಡು ಹಿಡಿದದ್ದು ನಾನು” ಎಂದ. ಎಲ್ಲರೂ ತಿರುಗಿದರು. ಯಾರೋ ನಕ್ಕರು. ಒಬ್ಬ ಹಿರಿಯರು, ಸುಮ್ಮನೆ ಗಲಾಟೆ ಬೇಡ, ಮನೆಯವಳನ್ನೇ ಕೇಳಿಬಿಡೋಣ ಎಂದು ರಾಜಾಮಣಿಯನ್ನು ಕರೆದರು.

ಅದರ ಹಿಂದಿನ ದಿನವೇ ಲಿಂಗಸಾಮಿಯ ಹೆಂಡತಿ ಕನ್ನಿಯಮ್ಮಾಳ್ ಬಂದು ರಾಜಾಮಣಿಯ ಕೈ ಹಿಡಿದುಕೊಂಡಿದ್ದಳು. ಭೂಪತಿ ಬಾಯಿ ಬಿಟ್ಟಾನೆಂಬ ಭಯ ಅವಳಿಗೆ. “ಮಿಲ್ಲು ಇವತ್ತೋ ನಾಳೆಯೋ ಅಂತ ಇದೆ, ಅಕ್ಕಾ. ಈಗ ಮೋಸ ಅಂತ ಗೊತ್ತಾದ್ರೆ ಅವ್ರನ್ನ ಮೊದಲು ಆಚೆ ಹಾಕ್ತಾರೆ. ನನ್ನ ಮಕ್ಕಳ ತಟ್ಟೇಲಿ ಮಣ್ಣು ಹಾಕ್ಬೇಡಿ” ಎಂದು ಅತ್ತಿದ್ದಳು.

ಅಷ್ಟು ಜನರ ಎದುರು, ಗಂಡನ ಎದುರು, ಹನ್ನೆರಡು ವರ್ಷದ ಮಗಳು ಸುಗನ್ಯಾಳ ಎದುರು ನಿಂತು ರಾಜಾಮಣಿ, “ನಂಗೇನೂ ತಿಳೀದು. ನಾನು ಮೈದಾನಕ್ಕೆ ಹೋದವಳಲ್ಲ” ಎಂದುಬಿಟ್ಟಳು.

ಅದರಲ್ಲಿ ಸುಳ್ಳೆಂಬುದು ಅರ್ಧವೇ. ಉಳಿದರ್ಧ ನಿಜ. ಆದರೆ ಮನೆ ಮುರಿಯಲು ಅಷ್ಟೇ ಸಾಕಾಯಿತು. ಅಂದಿನಿಂದ ಭೂಪತಿಗೆ ಊರಿನಲ್ಲಿ ಪುಳುಗು ಭೂಪತಿ ಎಂದು ಹೆಸರಾಯಿತು, ತಮಿಳಿನ ಪುಳುಗು, ನಮ್ಮ ಬುರುಡೆ. ಶಾಲೆಯಲ್ಲಿ ಸುಗನ್ಯಾಳನ್ನು ಪುಳುಗನ ಮಗಳು ಎಂದು ಕಾಡಿದರು. ಅವಳು ಅಪ್ಪನ ಜೊತೆ ಮಾತು ಕಮ್ಮಿ ಮಾಡಿದಳು. ಭೂಪತಿ ಹೆಂಡತಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದೆ ಹದಿಮೂರು ವರ್ಷ ಅವಳ ಪಕ್ಕದಲ್ಲಿ ಕೂತು ಎಳೆ ಬಿಡಿಸಿಕೊಟ್ಟ. ಆಟದ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಈಗ ಹೇಳಿ, ಹರಿಹರನ್ ಬಂದು ಕೇಳಿದಾಗ ಆ ಪ್ರಶ್ನೆ ಅವಳಿಗೆ ಎಷ್ಟು ಭಾರದ್ದು ಎಂಬುದು ಅರ್ಥವಾಯಿತಲ್ಲ. ಗಂಡನ ಹೆಸರನ್ನು ಅವಳೇ ಅಳಿಸಿದ್ದಳು. ಅದನ್ನು ಉಕ್ಕಿನ ತಗಡಿನ ಮೇಲೆ ಅವಳೇ ಬರೆಸಬೇಕಿತ್ತು. ಬದುಕಿನಲ್ಲಿ ಅವಳಿಗೆ ಉಳಿದಿದ್ದ ಒಂದೇ ಕೆಲಸ ಅದು.

ಎರಡು ತಿಂಗಳಿಗೆ ಆಮಂತ್ರಣ ಬಂತು. ‘ಆಟಗಾರ ಭೂಪತಿ ಅವರ ಕುಟುಂಬಕ್ಕೆ’ ಎಂದಿತ್ತು, ಇಬ್ಬರಿಗೆ ಜಾಗ. ಸುಗನ್ಯಾ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಸೂಪರ್‌ವೈಸರ್. ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹಿಡಿಯುವ ಕಣ್ಣು ಅವಳದು, ಯಾರ ಮಾತನ್ನೂ ಸುಮ್ಮನೆ ನಂಬುವ ಜಾಯಮಾನವಲ್ಲ. ಅವ್ವನ ಬಲವಂತಕ್ಕೆ ರಜೆ ಹಾಕಿ ಬಂದಳು.

“ಅವ್ವಾ, ಅಲ್ಲಿ ಹೋಗಿ ಅವಮಾನ ಆಗ್ಬಾರ್ದು.”

“ಯಾತಕ್ಕೆ ಆಗ್ತದೆ? ಹೆಸರು ಹಾಕಾರೆ. ಕಾಯಿತ ಬಂದದೆ ನೋಡು.”

ಬಸ್ಸಿಳಿದು ನೋಡಿದರೆ ರಾಜಾಮಣಿಗೆ ಗುರುತೇ ಸಿಗಲಿಲ್ಲ. ಅವಳು ಸಾಲು ಮನೆಯಲ್ಲಿದ್ದಾಗ ಮಿಲ್ ಗ್ರೌಂಡಿಗೆ ಮೂರು ಕಡೆ ಮಣ್ಣಿನ ದಿಬ್ಬ, ಒಂದು ಕಡೆ ಇಟ್ಟಿಗೆಯ ಗ್ಯಾಲರಿ. ಮಿಲ್ಲಿನ ಮೊದಲ ಯಜಮಾನರು ಕೆಲಸಗಾರರಿಗೆಂದೇ ಕಟ್ಟಿಸಿದ್ದು ಎನ್ನುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ ಅಲ್ಲಿ ಸರ್ಕಸ್ ಬಂತು, ಪಟಾಕಿ ಅಂಗಡಿ ಬಂತು, ಕೊರೋನಾ ಕಾಲದಲ್ಲಿ ತರಕಾರಿ ಮಾರ್ಕೆಟ್ಟೂ ಬಂತು. ಗೋಲಿನ ಕಂಬಕ್ಕೆ ಯಾರೋ ಮೇಕೆ ಕಟ್ಟುತ್ತಿದ್ದರು. ಈಗ ಅಲ್ಲಿ ಇಪ್ಪತ್ತು ಸಾವಿರ ನೀಲಿ ಕುರ್ಚಿ, ತಲೆಯ ಮೇಲೆ ಬಿಳಿ ಚಾವಣಿ, ನಾಲ್ಕು ಮೂಲೆಯಲ್ಲೂ ದೀಪದ ಗೋಪುರ. ನೆಲದ ಮೇಲೆ ಹಾಸಿದ ಹುಲ್ಲು ನೀರು ಕೇಳದ ಹುಲ್ಲು. ಅರವತ್ತೊಂದನೇ ವಯಸ್ಸಿನಲ್ಲಿ, ಮೊದಲ ಸಲ, ರಾಜಾಮಣಿ ಆ ಮೈದಾನದೊಳಗೆ ಕಾಲಿಟ್ಟಳು. ಯಾವ ಕಡೆಯ ಗೋಲಿನಲ್ಲಿ ಅವನು ನಿಂತಿದ್ದನೋ ಎಂದು ಹುಡುಕಿದಳು, ಗೊತ್ತಾಗಲಿಲ್ಲ.

ಚರಿತ್ರೆಯ ಗೋಡೆ ಹೆಬ್ಬಾಗಿಲಲ್ಲೇ ಇತ್ತು. ಉದ್ಘಾಟನೆಗೆ ಬಂದ ದೊಡ್ಡವರು ಪರದೆ ಎಳೆದು ಫೋಟೋ ತೆಗೆಸಿಕೊಂಡು ಒಳಗೆ ಹೋದ ಮೇಲೆ ಜನ ಹತ್ತಿರ ಹೋದರು. ಬರಹ ಇಂಗ್ಲಿಷಿನಲ್ಲಿತ್ತು. ತಂಡದ ಹಳೆಯ ಫೋಟೋದಲ್ಲಿ ಲಿಂಗಸಾಮಿ ಹಲ್ಲು ಕಚ್ಚಿ ನೆಟ್ಟಗೆ ನಿಂತಿದ್ದ. ಅದರ ಕೆಳಗೆ ಹೆಸರುಗಳು.

“ಓದು, ಅಮ್ಮಿಣಿ” ಎಂದಳು ರಾಜಾಮಣಿ.

ಸುಗನ್ಯಾ ಓದಿಕೊಂಡಳು. ಜೋರಾಗಿ ಓದಲಿಲ್ಲ.

“ಇಲ್ವಾ?”

“ಇದೆ ಅವ್ವಾ.” ಅವಳ ದನಿ ಒಣಗಿತ್ತು. “ಎಲ್ಲಾರ ಕೆಳಗೆ ಇದೆ. ಲಿಂಗಸಾಮಿ, ಗೋಲ್‌ಕೀಪರ್, ಕೊನೇ ಗಳಿಗೇಲಿ ಪೆನಾಲ್ಟಿ ತಡೆದ ವೀರ. ಭೂಪತಿ, ಬದಲಿ ಆಟಗಾರ, ಮೈದಾನಕ್ಕೆ ಇಳೀಲಿಲ್ಲ.”

“ಏನಂದೆ?”

“ಮೈದಾನಕ್ಕೆ ಇಳೀಲಿಲ್ಲ ಅಂತ ಹಾಕಾರೆ. ಬೆಂಚಲ್ಲಿ ಕೂತಿದ್ರು ಅಂತ.” ಸುಗನ್ಯಾ ಅವ್ವನ ಮುಖ ನೋಡದೆ ಹೇಳಿದಳು. “ಅಪ್ಪನ್ನ ತಂಡಕ್ಕೆ ಸೇರ್ಸಿದ್ದು ಉಣ್ಮೆ ತಾನೆ, ನಿಜ ತಾನೆ? ಅಷ್ಟಾದ್ರೂ ಇದೆಯಲ್ಲ, ಬಿಡು.”

ಅಷ್ಟಾದ್ರೂ ಇದೆಯಲ್ಲ! ಮಗಳು ಸಮಾಧಾನಕ್ಕೆ ಹೇಳಿದ ಮಾತೇ ರಾಜಾಮಣಿಯ ಎದೆಗೆ ಚುಚ್ಚಿತು. ಇಪ್ಪತ್ತೇಳು ವರ್ಷವಾದರೂ ಮಗಳು ನಂಬಿಲ್ಲ.

ರಾಜಾಮಣಿ ಹರಿಹರನ್‌ನನ್ನು ಹುಡುಕಿ ಹಿಡಿದಳು. ಕೊರಳಲ್ಲಿ ಪಾಸು ಹಾಕಿಕೊಂಡು ಅಲ್ಲಿಂದಿಲ್ಲಿಗೆ ಓಡುತ್ತಿದ್ದ. ಅವನ ತೋಳು ಹಿಡಿದು ತಮಿಳಿನಲ್ಲಿ, ಈ ಸಲ ಒಂದು ಪದದಲ್ಲಲ್ಲ, ಮೊದಲಿನಿಂದ ಕೊನೆಯ ತನಕ ಹೇಳಿದಳು. ಟೋಕನ್, ಮೊಣಕಾಲು, ಬನಿಯನ್, ಟೋಪಿ, ಬೆರಳು. ಹರಿಹರನ್ ಕೇಳುತ್ತಾ ಕೇಳುತ್ತಾ ಮುಖ ಸಣ್ಣದು ಮಾಡಿಕೊಂಡ. ಒಳ್ಳೆಯ ಹುಡುಗ, ಅದರಲ್ಲಿ ಸಂಶಯವಿಲ್ಲ.

“ಅಯ್ಯೋ ಅಮ್ಮಾ, ನೀವು ಬದಲಿ ಅಂದಿರಿ. ಬದಲಿ ಅಂದರೆ ಹೊರಗೆ ಕೂತು ಕಾಯುವವರು ಅಂತ ನಾನು…” ಅವನು ಹಣೆ ಒರೆಸಿಕೊಂಡ. “ನೀವೊಬ್ಬರೇ ಹೇಳಿದರೆ ಮೇಲಿನವರು ಬದಲಾಯಿಸುವುದಿಲ್ಲ. ಆ ತಂಡದವರಲ್ಲಿ ಈಗ ಇರುವವರು ಲಿಂಗಸಾಮಿ ಸಾರ್ ಒಬ್ಬರೇ. ಇವತ್ತು ಸನ್ಮಾನಕ್ಕೆ ಬರುತ್ತಿದ್ದಾರೆ. ಅವರು ಒಂದು ಮಾತು ಹೇಳಿದರೆ ಸಾಕು, ತಗಡು ತೆಗೆಸಿ ಬೇರೆ ಹಾಕಿಸುತ್ತೇನೆ. ಇದು ನನ್ನ ಜವಾಬ್ದಾರಿ.”

ಲಿಂಗಸಾಮಿಯನ್ನು ಗಾಲಿ ಕುರ್ಚಿಯಲ್ಲಿ ವೇದಿಕೆಗೆ ತಂದರು. ತಳ್ಳಿಕೊಂಡು ಬಂದವನು ಮಗ ಚೆನ್ನಿಯಪ್ಪನ್, ನಲವತ್ತು ದಾಟಿದವನು. ಮುದುಕ ಕುಗ್ಗಿಹೋಗಿದ್ದ. ಬುದ್ಧಿ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ ಎಂದು ಮುಂದಿನ ಸಾಲಿನಲ್ಲಿ ಯಾರೋ ಮಾತಾಡಿಕೊಂಡರು. ರಾಜಾಮಣಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹೂವಿನ ಹಾರ ಹಾಕಿದರು, ಶಾಲು ಹೊದಿಸಿದರು, ದೊಡ್ಡ ಪರದೆಯ ಮೇಲೆ ಅವನ ಹಳೆಯ ಫೋಟೋ ಬಂತು. ಮೈಕನ್ನು ಬಾಯಿಯ ಹತ್ತಿರ ಹಿಡಿದು, ಎರಡು ಮಾತು ಹೇಳಿ ಎಂದರು.

ಮುದುಕ ಮೈದಾನವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡದಲ್ಲಿ ಮಾತಾಡಿದ.

“ನಾನು ಆಡ್ಲಿಲ್ಲೆ.”

ಸ್ಪೀಕರುಗಳು ಹೊಸವು. ಆ ಮಾತು ಇಪ್ಪತ್ತು ಸಾವಿರ ಕುರ್ಚಿಗಳ ತನಕ ಹೋಗಿ ಚಾವಣಿಗೆ ತಾಕಿ ವಾಪಸು ಬಂತು.

“ಮೊಣಕಾಲು ಹಿಂಗೆ ಊದ್ಕೊಂಡಿತ್ತು. ಗ್ಯಾಲರಿ ಕೆಳಗೆ ಸುಣ್ಣದ ಕೋಣೇಲಿ ಕೂರ್ಸಿ ಬೀಗ ಹಾಕಿದ್ರು. ಮೂಟೆ ಮೇಲೆ ಕೂತಿದ್ದೆ. ಏನೂ ಕಾಣದು. ಕೂಗು ಮಾತ್ರ ಕೇಳ್ತು.” ಅವನು ಹಾರವನ್ನು ಕೈಯಲ್ಲಿ ಹಿಡಿದು ನೋಡಿದ. “ಇದು ನಂಗ್ಯಾತಕ್ಕೆ? ಭೂಪತಿ ಹಿಡಿದ. ನನ್ನ ಬನಿಯನ್ ಹಾಕ್ಕೊಂಡು ಅವ ಹಿಡಿದ. ಅವ ಎಲ್ಲಿ? ಕರೀರಿ ಅವನ್ನ. ಕೈ ನೋಯ್ತದೆ ಅಂತಿದ್ದ.”

ರಾಜಾಮಣಿಯ ಪಕ್ಕದಲ್ಲಿ ಸುಗನ್ಯಾ ಎದ್ದು ನಿಂತಿದ್ದಳು, ತಾನು ಎದ್ದದ್ದು ಅವಳಿಗೇ ತಿಳಿದಿರಲಿಲ್ಲ. ನಲವತ್ತೊಂದು ವರ್ಷ ಲಿಂಗಸಾಮಿಯ ಬಾಯಿಗೆ ಬಾರದ ಮಾತು ಆಕಾಶಕ್ಕೆ ಕೇಳುವ ಹಾಗೆ ಬಂದಿತ್ತು, ಮನೆಯೊಳಗೆ ಮಾತ್ರ ಆಡುವ ಮಾತಿನಲ್ಲಿ. ಅಷ್ಟು ಜನರಲ್ಲಿ ಕನ್ನಡ ಬಲ್ಲವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಿರಬಹುದು. ಆದರೆ ಅವರಿಗೆ ಭೂಪತಿ ಯಾರು, ಬನಿಯನ್ ಯಾವುದು? ಉಳಿದವರು ಮುದುಕನ ಮುಖ ನೋಡಿ ಪ್ರೀತಿಯಿಂದ ನಗುತ್ತಿದ್ದರು. ಹರಿಹರನ್ ಅರ್ಥವಾಗದೆ ಚೆನ್ನಿಯಪ್ಪನ್ ಕಡೆ ನೋಡಿದ.

ಚೆನ್ನಿಯಪ್ಪನ್ ಮೈಕನ್ನು ಮೆಲ್ಲಗೆ ತೆಗೆದುಕೊಂಡ. ತಮಿಳಿನಲ್ಲಿ ಹೇಳಿದ: “ಅಪ್ಪ ಎಲ್ಲರಿಗೂ ವಣಕ್ಕಂ ಹೇಳುತ್ತಿದ್ದಾರೆ. ತಮ್ಮ ಜೊತೆಯಲ್ಲಿದ್ದ ಭೂಪತಿ ಎಂಬ ಗೆಳೆಯರನ್ನು ನೆನೆಸಿಕೊಳ್ಳುತ್ತಿದ್ದಾರೆ.”

ಜನ ಚಪ್ಪಾಳೆ ತಟ್ಟಿದರು. ಬಹಳ ಜೋರಾಗಿ ತಟ್ಟಿದರು.

ವೇದಿಕೆಯ ಹಿಂದೆ ರಾಜಾಮಣಿ ಹೋಗುವ ಹೊತ್ತಿಗೆ ಸುಗನ್ಯಾ ಆಗಲೇ ಅಲ್ಲಿದ್ದಳು. “ನೀವು ಸುಳ್ಳು ಹೇಳಿದ್ರಿ! ನಾನು ಕೇಳಿದ್ದೀನಿ, ಅವರು ಏನಂದ್ರು ಅಂತ!” ಎಂದು ತಮಿಳಿನಲ್ಲಿ ಚೆನ್ನಿಯಪ್ಪನ್ ಮೇಲೆ ಕೂಗುತ್ತಿದ್ದಳು. ಹರಿಹರನ್ ಇಬ್ಬರ ನಡುವೆ ನಿಂತಿದ್ದ. ಲಿಂಗಸಾಮಿ ಕುರ್ಚಿಯಲ್ಲಿ ಹಾರದ ಹೂವನ್ನು ಒಂದೊಂದಾಗಿ ಕೀಳುತ್ತಾ ಕೂತಿದ್ದ.

ಚೆನ್ನಿಯಪ್ಪನ್ ಅವಳ ಕಡೆಯಿಂದ ತಿರುಗಿದ. ರಾಜಾಮಣಿಯನ್ನು ಕಂಡು ಕೈಮುಗಿದು ಕನ್ನಡದಲ್ಲೇ ಹೇಳಿದ, “ದೊಡ್ಡವ್ವಾ, ಅಪ್ಪಂಗೆ ಮನಸ್ಸು ಸರಿ ಇಲ್ಲೆ. ನಿನ್ನೆ ನನ್ನನ್ನೇ ಯಾರಪ್ಪಾ ನೀನು ಅಂದ್ರು. ನಾಳೆ ಬೇರೆ ಏನೋ ಹೇಳ್ತಾರೆ. ಡಾಕ್ಟರ್ ಚೀಟಿ ಇದೆ.”

“ಇವತ್ತು ಹೇಳಿದ್ದು ಉಣ್ಮೆ, ಮಗಾ. ನಿಂಗೂ ತಿಳೀತದೆ.”

ಅವನು ತಲೆ ತಗ್ಗಿಸಿದ. ಆಮೇಲೆ ಹರಿಹರನ್ ಕಡೆ ತಿರುಗಿ ತಮಿಳಿನಲ್ಲಿ ಒಂದೇ ಒಂದು ಮಾತು ಹೇಳಿದ. ಕೆಟ್ಟತನದಿಂದ ಹೇಳಲಿಲ್ಲ, ಅಪ್ಪನನ್ನು ಉಳಿಸಿಕೊಳ್ಳಲು ಹೇಳಿದ. “ತೊಂಬತ್ತೆಂಟರಲ್ಲಿ ಕರುಮತ್ತಂಪಟ್ಟಿಯಲ್ಲಿ ಇದೇ ಮಾತು ಎದ್ದಿತ್ತು. ಆಗ ಊರೆಲ್ಲ ಸೇರಿ ಇವರನ್ನೇ ಕೇಳಿದರು. ನಾನೂ ಅಲ್ಲಿದ್ದೆ. ನನಗೇನೂ ತಿಳಿಯದು ಅಂದವರು ಇವರೇ.”

ಹರಿಹರನ್ ರಾಜಾಮಣಿಯನ್ನು ನೋಡಿದ. ಇಲ್ಲ ಎಂದು ಅವಳು ಹೇಳಲಿ ಎಂಬ ಆಸೆ ಅವನ ಮುಖದಲ್ಲಿತ್ತು. “ಹಾಗೆ ಹೇಳಿದ್ದು ಹೌದಾ, ಅಮ್ಮಾ?”

ಕನ್ನಿಯಮ್ಮಾಳ್ ಬಂದದ್ದು, ಅತ್ತದ್ದು, ಕೈ ಹಿಡಿದದ್ದು ಎಲ್ಲವನ್ನೂ ಹೇಳಬಹುದಿತ್ತು. ಕನ್ನಿಯಮ್ಮಾಳ್ ಸತ್ತು ಆರು ವರ್ಷ. ಅವಳ ಮಗ ಎದುರಿಗೆ ಕೈಮುಗಿದು ನಿಂತಿದ್ದಾನೆ. ಹೇಳಿದರೂ ನಂಬುವವರು ಯಾರು? ರಾಜಾಮಣಿಗೆ ಸಾಕೆನಿಸಿತು. ಒಂದು ಸಲ ಜನರ ಎದುರು ಸುಳ್ಳು ಹೇಳಿ ಇಷ್ಟಾಗಿದೆ.

“ಹೌದು, ತಂಬಿ. ನಾನೇ ಹಂಗಂದೆ.”

ತಗಡು ಬದಲಾಯಿಸುವ ಮಾತು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಹರಿಹರನ್‌ನನ್ನು ಯಾರೋ ಕರೆದರು, ಹೋದ. ಹೊರಡುವಾಗ ರಾಜಾಮಣಿ ಗಾಲಿ ಕುರ್ಚಿಯ ಮುಂದೆ ಬಗ್ಗಿದಳು. ಲಿಂಗಸಾಮಿ ಅವಳನ್ನು ನೋಡಿ, “ಭೂಪತಿ ಬಂದ್ನಾ?” ಎಂದು ಕೇಳಿದ. ಅವಳು ಅವನ ಶಾಲನ್ನು ಸರಿಮಾಡಿ ಎದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಂಜೆಯ ಬಿಸಿಲು ಅವಿನಾಶಿ ರಸ್ತೆಯ ಮೇಲೆ ಮಲಗಿತ್ತು. ಬಸ್ಸು ಸೂಲೂರು ತಿರುವು ದಾಟಿತು. ಸುಗನ್ಯಾ ಅಳುತ್ತಿದ್ದಳು. ಮೂವತ್ತೊಂಬತ್ತು ವರ್ಷದ ಹೆಂಗಸು, ಇನ್ನೂರು ಜನರ ಮೇಲೆ ಅಧಿಕಾರ ನಡೆಸುವವಳು, ಬಸ್ಸಿನಲ್ಲಿ ಯಾರು ನೋಡಿದರೂ ನೋಡಲಿ ಎಂದು ಅಳುತ್ತಿದ್ದಳು. ಅಪ್ಪ ಬದುಕಿದ್ದಾಗ ಅವನ ಪಕ್ಕದಲ್ಲಿ ಕೂತು ನೆಟ್ಟಗೆ ನಾಲ್ಕು ಮಾತಾಡದೆ ಹೋದವಳು. ಕೊನೆಗೆ ಮೂಗು ಒರೆಸಿಕೊಂಡು ಕೇಳಿದಳು.

“ಅವ್ವಾ, ಅಪ್ಪ ಯಾವ ಪಕ್ಕ ಹಾರಿದ್ರು? ಎಡಕ್ಕೋ, ಬಲಕ್ಕೋ?”

ರಾಜಾಮಣಿ ಹೇಳಲು ಬಾಯಿ ತೆರೆದಳು. ಅವಳಿಗೆ ಗೊತ್ತಿರಲಿಲ್ಲ.

ಅವ ಚೆಂಡಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಹೋದ ನೋಡು, ನಾನು ಅವನ ಕಣ್ಣೇ ನೋಡ್ತಾ ಇದ್ದೆ. ಅಲ್ಲಿಯ ತನಕ ಬಾಯಿಪಾಠವಿತ್ತು. ಅದರ ಮುಂದೆ ಇದ್ದದ್ದು ತನ್ನದೇ ಗದರಿಕೆ, ಸುಮ್ನೆ ಎಳೆ ಕೊಡುಂಗೊ. ಹದಿನಾಲ್ಕು ವರ್ಷ ಅವನು ಹೇಳಲು ಬಂದಾಗ ಅವಳಿಗೆ ಪುರುಸೊತ್ತಿರಲಿಲ್ಲ. ಆಮೇಲಿನ ಹದಿಮೂರು ವರ್ಷ ಅವನು ಹೇಳಲಿಲ್ಲ. ಕಂಡವರು ಯಾರೂ ಈಗ ಇಲ್ಲ. ಲಿಂಗಸಾಮಿಯೂ ಅವಳಂತೆ ಕೂಗು ಕೇಳಿಸಿಕೊಂಡವನು ಮಾತ್ರ.

“ನಾನು ಕೇಳ್ಳೇ ಇಲ್ಲೆ, ಅಮ್ಮಿಣಿ” ಎಂದಳು. “ಅವ್ರು ಹೇಳಾಕೆ ಬಂದ್ರು. ನಾನು ಕೇಳ್ಳಿಲ್ಲೆ.”

ಸುಗನ್ಯಾ ತನ್ನ ಎರಡೂ ಕೈಗಳನ್ನು ಮಡಿಲಿನಲ್ಲಿ ಬಿಡಿಸಿಟ್ಟು ನೋಡಿದಳು. ಬಟ್ಟೆಯ ತೂತು ಹುಡುಕುವವರ ಹಾಗೆ ನೋಡಿದಳು. ಎಡಗೈ ಎತ್ತಿ ಉಂಗುರದ ಬೆರಳನ್ನು ಬಗ್ಗಿಸಿ ಹಿಡಿದಳು.

“ಅಪ್ಪಂಗೆ ಈ ಬೆರಳು ತಾನೆ ಸೊಟ್ಟ ಇದ್ದದ್ದು?”

“ಹೂಂ.”

“ಹಂಗಾದ್ರೆ ಎಡಕ್ಕೆ, ಅವ್ವಾ. ಎಡಕ್ಕೆ ಹಾರಿದ್ರು.”

ಮಗಳಿಗೆ ಒಂದು ನಿಮಿಷ ಸಾಕಾಯಿತು. ಆ ಬೆರಳು ಹಾಕಬೇಕಿದ್ದ ಗಂಟುಗಳನ್ನು ವರ್ಷಗಟ್ಟಲೆ ಕಟ್ಟಿದವಳಿಗೆ ಅದು ಹೊಳೆದಿರಲಿಲ್ಲ. ರಾಜಾಮಣಿ ಮಗಳ ಆ ಬೆರಳನ್ನು ಹಿಡಿದುಕೊಂಡಳು. ಕರುಮತ್ತಂಪಟ್ಟಿ ಬಂತೆಂದು ಕಂಡಕ್ಟರ್ ಎರಡು ಸಲ ಕೂಗಿದರೂ ಬಿಡಲಿಲ್ಲ.